ಉಸಿರಾಟದ ಕಾಲಂನಲ್ಲಿ ಬರೆದಿರುವ ‘20’: ನರ್ಸಿಂಗ್ ಕಾಲೇಜುಗಳಿಗೊಂದು ಬಹಿರಂಗ ಪತ್ರ

ಇವರಿಗೆ,
ನರ್ಸಿಂಗ್ ಕಾಲೇಜುಗಳ ಮಾನ್ಯ ಪ್ರಾಂಶುಪಾಲರು ಮತ್ತು ಬೋಧಕರು,
ಬೋಧನಾ ಆಸ್ಪತ್ರೆಗಳ ನರ್ಸಿಂಗ್ ಸೂಪರಿಂಟೆಂಡೆಂಟರು.

ವಿಷಯ: ರೋಗಿಯನ್ನು ನೋಡಿ, ಮುಟ್ಟಿ, ಕೇಳಿ ಸ್ಥಿತಿ ಅರಿಯುವ ಕಲಿಕೆ ಚಾರ್ಟ್ ತುಂಬುವ ಕೆಲಸವಾಗಿ ಉಳಿದಿರುವ ಬಗ್ಗೆ.

ಮಾನ್ಯರೇ,

ನಿಮ್ಮ ಕಾಲೇಜುಗಳಿಂದ ಪೋಸ್ಟಿಂಗಿಗೆ ಬರುವ ವಿದ್ಯಾರ್ಥಿಗಳ ಜೊತೆ ವಾರ್ಡಿನಲ್ಲಿ ಕೆಲಸ ಮಾಡುವ ನರ್ಸ್ ನಾನು. ಯಾವುದೇ ಒಂದು ಕಾಲೇಜಿನ ಮೇಲಾಗಲಿ, ಒಂದು ಆಸ್ಪತ್ರೆಯ ಮೇಲಾಗಲಿ ದೂರು ಹೊತ್ತು ಈ ಪತ್ರ ಬರೆಯುತ್ತಿಲ್ಲ. ಬೇರೆ ಬೇರೆ ಕಡೆ ಕೆಲಸ ಮಾಡುವ ಗೆಳತಿಯರ ಬಳಿ ಈ ಮಾತು ತೆಗೆದಾಗಲೆಲ್ಲ ‘ನಮ್ಮಲ್ಲೂ ಹಾಗೇ’ ಎಂಬ ಉತ್ತರವೇ ಬಂದಿದೆ. ಒಬ್ಬಿಬ್ಬರಿಗೆ ಖಾಸಗಿಯಾಗಿ ಹೇಳಿ ಸರಿಪಡಿಸುವ ಸಂಗತಿ ಇದಾಗಿ ಉಳಿದಿಲ್ಲ ಅನ್ನಿಸಿದ್ದರಿಂದ ಬಹಿರಂಗವಾಗಿ ಬರೆಯುತ್ತಿದ್ದೇನೆ.

ದಯವಿಟ್ಟು ಯಾವುದಾದರೂ ಜನರಲ್ ವಾರ್ಡಿನ ಟಿಪಿಆರ್ (ಜ್ವರ, ನಾಡಿ, ಉಸಿರಾಟ ಬರೆಯುವ) ಚಾರ್ಟುಗಳನ್ನು ತರಿಸಿ, ನಿಮಿಷಕ್ಕೆ ಎಷ್ಟು ಸಲ ಉಸಿರಾಡಿದರು ಎಂದು ಬರೆಯುವ ಉಸಿರಾಟದ ಕಾಲಂ ಒಂದನ್ನೇ ಮೇಲಿನಿಂದ ಕೆಳಗಿನವರೆಗೆ ಓದಿ. 20, 20, 18, 20, 20. ನ್ಯುಮೋನಿಯಾ ಆಗಿ ಮಲಗಿದವರಿಗೂ 20, ಹರ್ನಿಯಾ ಆಪರೇಷನ್ನಿಗೆ ಕಾಯುತ್ತ ಆರಾಮಾಗಿ ಕೂತವರಿಗೂ 20. ಬೆಳಿಗ್ಗೆಯೂ ಅಷ್ಟೇ, ರಾತ್ರಿಯೂ ಅಷ್ಟೇ. ಇಷ್ಟು ಜನ ಇಷ್ಟು ಹೊತ್ತು ಒಂದೇ ಲೆಕ್ಕದಲ್ಲಿ ಉಸಿರಾಡುವುದು ಸಾಧ್ಯವಿಲ್ಲ ಎಂದು ನಿಮಗೂ ಗೊತ್ತು, ನನಗೂ ಗೊತ್ತು. ಆ ಅಂಕಿಯನ್ನು ಯಾರೂ ಎಣಿಸಿಲ್ಲ. ಖಾಲಿ ಬಿಟ್ಟರೆ ಬೈಸಿಕೊಳ್ಳಬೇಕಾಗುತ್ತದೆ ಎಂದು ತುಂಬಿದ್ದಾರೆ.

ಹೊಟ್ಟೆಯ ಆಪರೇಷನ್ ಆಗಿ ಎರಡನೇ ದಿನದಲ್ಲಿದ್ದ ಒಬ್ಬ ರೋಗಿಯ ವಿಚಾರ ಹೇಳುತ್ತೇನೆ. ಮೂಗಿನ ಕೊಳವೆಯಲ್ಲಿ ಆಮ್ಲಜನಕ ಹೋಗುತ್ತಿತ್ತು, ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಮ್ಲಜನಕದ ಮಟ್ಟ, ಶೇ 96. ಬಿಪಿ 118/80. ಜ್ವರ ಅಂತ ಹೇಳುವಷ್ಟಿಲ್ಲ. ನಾಡಿ ಮಾತ್ರ ಬೆಳಿಗ್ಗೆ 88 ಇದ್ದದ್ದು ಮಧ್ಯಾಹ್ನಕ್ಕೆ 104, ಸಂಜೆಗೆ 116 ಆಗಿತ್ತು. ಉಸಿರಾಟದ ಕಾಲಂನಲ್ಲಿ ಮೂರೂ ಹೊತ್ತು 20. ಸಂಜೆ ಪಾಳಿ ಬದಲಾಗುವಾಗ ರೋಗಿಗಳ ವರದಿ ಒಪ್ಪಿಸುವ ಹ್ಯಾಂಡೋವರಿನಲ್ಲಿ ಹಾಸಿಗೆ ಪಕ್ಕ ನಿಂತಾಗ ಅವರು ಒಂದು ವಾಕ್ಯ ಮುಗಿಸಲು ಎರಡು ಸಲ ನಿಲ್ಲಿಸುತ್ತಿದ್ದರು, ಉಸಿರಿಗೊಮ್ಮೆ ಭುಜ ಮೇಲೇಳುತ್ತಿತ್ತು. ಪೂರ್ತಿ ನಿಮಿಷ ಎಣಿಸಿದರೆ 32. ಕರುಳು ಸೇರಿಸಿದ ಜಾಗದಲ್ಲಿ ಸೋರಿಕೆಯಾಗಿ ಹೊಟ್ಟೆಯೊಳಗೆ ಸೋಂಕು ಹರಡಿತ್ತು. ರಾತ್ರಿಯೇ ಮತ್ತೆ ಆಪರೇಷನ್ ಥಿಯೇಟರಿಗೆ ಕರೆದೊಯ್ದರು. ಅವರು ಬದುಕಿದರು. ಚಾರ್ಟ್ ಬರೆದಿದ್ದ ವಿದ್ಯಾರ್ಥಿನಿಯನ್ನು ಕರೆದು ಕೇಳಿದೆ. ‘ಎಲ್ಲರಿಗೂ ಹಾಗೇ ಬರೀತೀವಿ ಸಿಸ್ಟರ್’ ಅಂದಳು. ಅವಳ ದನಿಯಲ್ಲಿ ಭಯವಿರಲಿಲ್ಲ, ಅಳುಕೂ ಇರಲಿಲ್ಲ. ಕೆಲಸವನ್ನು ಹೀಗೇ ಮಾಡುವುದು ಎಂದು ಅವಳು ನಿಜವಾಗಿ ನಂಬಿದ್ದಳು. ನನ್ನನ್ನು ಈ ಪತ್ರಕ್ಕೆ ಕೂರಿಸಿದ್ದು ಆ ನಂಬಿಕೆ.

ರೋಗಿಗಳು ಇದ್ದಕ್ಕಿದ್ದಂತೆ ಕೈಬಿಟ್ಟು ಹೋಗುವುದು ನಾವು ಅಂದುಕೊಂಡಿರುವುದಕ್ಕಿಂತ ಕಡಿಮೆ. ಆಸ್ಪತ್ರೆಯೊಳಗೇ ಹೃದಯ ನಿಂತ 64 ರೋಗಿಗಳ ದಾಖಲೆಗಳನ್ನು ಹಿಂದಕ್ಕೆ ಹೋಗಿ ಓದಿದ ಅಧ್ಯಯನವೊಂದು 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅವರಲ್ಲಿ 54 ಮಂದಿಯ, ಅಂದರೆ ಶೇ 84ರಷ್ಟು ಜನರ ಸ್ಥಿತಿ ಬಿಗಡಾಯಿಸುತ್ತಿರುವುದು ಹೃದಯ ನಿಲ್ಲುವ ಮೊದಲಿನ 8 ಗಂಟೆಗಳಲ್ಲೇ ದಾಖಲಾಗಿತ್ತು. ಯಾರೋ ಕಂಡಿದ್ದರು, ಬರೆದೂ ಇದ್ದರು. ಅದರ ಅರ್ಥ ಹೇಳುವವರು ಇರಲಿಲ್ಲ. ನಮ್ಮ ವಿದ್ಯಾರ್ಥಿಗಳು ತುಂಬುವ ಚಾರ್ಟುಗಳಲ್ಲಿ ಈಗ ಆ ಗುರುತೂ ಸಿಗುವುದಿಲ್ಲ. ಎಲ್ಲಿ ನೋಡಿದರೂ 20.

ಉಸಿರಾಟದ ಬಗ್ಗೆ ಇಷ್ಟು ಹಟ ಹಿಡಿಯಲು ಕಾರಣವಿದೆ. ಅಂಗಾಂಶಗಳಿಗೆ ರಕ್ತ, ಆಮ್ಲಜನಕ ಸಾಲದಾದಾಗ ದೇಹದಲ್ಲಿ ಆಮ್ಲ ಸೇರತೊಡಗುತ್ತದೆ. ಇಂಗಾಲದ ಡೈಆಕ್ಸೈಡನ್ನು ಹೆಚ್ಚು ಹೊರಹಾಕಿ ಆ ಆಮ್ಲವನ್ನು ಸರಿತೂಗಿಸಲು ದೇಹ ಉಸಿರಾಟದ ವೇಗ ಹೆಚ್ಚಿಸುತ್ತದೆ. ಬಿಪಿ ಬೀಳುವುದು ಎಷ್ಟೋ ಸಲ ಆಮೇಲೆ. ವಯಸ್ಸಿನಲ್ಲಿ ಚಿಕ್ಕವರಾದರೆ ರಕ್ತನಾಳಗಳನ್ನು ಬಿಗಿಹಿಡಿದು ಕೊನೆಯವರೆಗೂ ಬಿಪಿ ಉಳಿಸಿಕೊಂಡು, ಆಮೇಲೆ ಒಮ್ಮೆಲೇ ಕುಸಿಯುತ್ತಾರೆ. 120/80 ಇದ್ದವರು 112/94 ಆದರೆ ‘ಬಿಪಿ ನಾರ್ಮಲ್’ ಎಂದು ಮುಂದಿನ ಹಾಸಿಗೆಗೆ ಹೋಗುವ ವಿದ್ಯಾರ್ಥಿಗೆ, ಮೇಲಿನ ಮತ್ತು ಕೆಳಗಿನ ಅಂಕಿಗಳ ಅಂತರ 40ರಿಂದ 18ಕ್ಕೆ ಇಳಿದಿರುವುದು ಒಳಗೆಲ್ಲೋ ರಕ್ತ ಸೋರುತ್ತಿರುವ ಸೂಚನೆಯೂ ಆಗಿರಬಹುದು ಎಂದು ಯಾರಾದರೂ ಹಾಸಿಗೆಯ ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದಾರೆಯೇ? ಫಿಸಿಯಾಲಜಿ ಪರೀಕ್ಷೆಯಲ್ಲಿ ಅದೇ ವಿದ್ಯಾರ್ಥಿ ರಕ್ತದೊತ್ತಡ ನಿಯಂತ್ರಣದ ಬಗ್ಗೆ ನಾಲ್ಕು ಪುಟ ಬರೆದು ಪಾಸಾಗಿರುತ್ತಾನೆ. ಆ ನಾಲ್ಕು ಪುಟವನ್ನೂ ಈ ರೋಗಿಯನ್ನೂ ಜೋಡಿಸುವ ಕೆಲಸ ಯಾರ ಪಾಲಿಗೂ ಬಂದಿಲ್ಲ.

ಒಂದೊಂದೇ ಅಂಕಿಯನ್ನು ಬಿಡಿಯಾಗಿ ನೋಡುವ ಅಭ್ಯಾಸವೂ ಹೀಗೆಯೇ ಬೆಳೆದಿದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ರೂಪಿಸಿ 2017ರಲ್ಲಿ ಪರಿಷ್ಕರಿಸಿದ ‘ನ್ಯೂಸ್’ ಎಂಬ, ಪ್ರತಿ ಅಂಕಿಯೂ ಸಹಜದಿಂದ ಎಷ್ಟು ದೂರವಿದೆ ಎಂದು ಅಂಕ ಕೊಟ್ಟು ಕೂಡಿಸುವ ಎಚ್ಚರಿಕೆ ಅಂಕಪಟ್ಟಿ ನಿಮಗೆ ಗೊತ್ತೇ ಇದೆ. ವಿದ್ಯಾರ್ಥಿಗಳಿಗೆ ಲೆಕ್ಕ ಹಾಕಲು ನಾನು ಒಂದು ಉದಾಹರಣೆ ಕೊಡುತ್ತೇನೆ: ಉಸಿರಾಟ 24, ಸಾದಾ ಗಾಳಿಯಲ್ಲಿ ಸ್ಯಾಚುರೇಷನ್ 95, ಮೇಲಿನ ಬಿಪಿ 108, ನಾಡಿ 104, ಜ್ವರ 38.2 ಡಿಗ್ರಿ ಸೆಲ್ಸಿಯಸ್, ಎಚ್ಚರವಾಗಿದ್ದಾರೆ. ಒಂದೊಂದನ್ನೇ ತೋರಿಸಿ ಕೇಳಿದರೆ ಎಲ್ಲರೂ ‘ಸ್ವಲ್ಪ ಜಾಸ್ತಿ’, ‘ಸ್ವಲ್ಪ ಕಡಿಮೆ’, ‘ಪರವಾಗಿಲ್ಲ’ ಅನ್ನುತ್ತಾರೆ. ಅಂಕಪಟ್ಟಿಯಂತೆ ಉಸಿರಾಟಕ್ಕೆ 2, ಉಳಿದ ನಾಲ್ಕಕ್ಕೆ ಒಂದೊಂದು, ಒಟ್ಟು 6. ಒಟ್ಟು ಐದು ಅಥವಾ ಅದಕ್ಕಿಂತ ಹೆಚ್ಚಾದರೆ ತುರ್ತಾಗಿ ವೈದ್ಯರು ಬಂದು ನೋಡಬೇಕು ಎಂಬುದು ಅದರ ನಿಯಮ. ಇದೇ ರೋಗಿಯ ಉಸಿರಾಟಕ್ಕೆ ‘20’ ಎಂದು ಬರೆದರೆ ಒಟ್ಟು 4 ಆಗಿ, ವೈದ್ಯರಿಗೆ ಕರೆ ಹೋಗುವುದೇ ಇಲ್ಲ. ಎಣಿಸದೆ ಬರೆದ ಒಂದು ಅಂಕಿಯ ಬೆಲೆ ಅಷ್ಟು.

ಹಾಗೆಂದು ಅಂಕಪಟ್ಟಿಯೊಂದನ್ನು ಗೋಡೆಗೆ ಅಂಟಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಅಂಕಿಯ ಹಿಂದಿರುವುದನ್ನು ಓದಲು ತಿಳಿವಳಿಕೆ ಬೇಕು. ಹೃದಯದ ಬಡಿತ ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರಿಗೆ ರಕ್ತಸ್ರಾವವಾಗುತ್ತಿದ್ದರೂ ನಾಡಿ ಏರದೇ ಇರಬಹುದು. ಆಮ್ಲಜನಕ ಕೊಡುತ್ತಿರುವ ರೋಗಿ ಸರಿಯಾಗಿ ಉಸಿರಾಡದಿದ್ದರೂ ಸ್ಯಾಚುರೇಷನ್ ಸಾಕಷ್ಟು ಹೊತ್ತು ಚೆನ್ನಾಗಿಯೇ ಕಾಣುತ್ತದೆ. ನೋವು ತಗ್ಗಿಸಲು ಮಾರ್ಫಿನ್ ಕೊಟ್ಟವರಲ್ಲಿ ಸಾಮಾನ್ಯವಾಗಿ ಉಸಿರು ನಿಧಾನವಾಗುವ ಮೊದಲೇ ಮಂಪರು ಗಾಢವಾಗುತ್ತದೆ. ವಿದ್ಯಾರ್ಥಿ ಬಂದು ‘ಹೇಗಿದ್ದೀರಿ’ ಎಂದು ಎಬ್ಬಿಸಿ ಆಮೇಲೆ ಎಣಿಸಿದರೆ, ಎಬ್ಬಿಸಿದ್ದಕ್ಕೇ ಉಸಿರಾಟ ಚುರುಕಾಗಿ ಸಿಗಬೇಕಾದ ಸುಳಿವು ತಪ್ಪಿಹೋಗುತ್ತದೆ. ಮಲಗಿರುವಾಗಲೇ ಎಣಿಸಬೇಕು, ಆಮೇಲೆ ಎಬ್ಬಿಸಿ ಎಷ್ಟು ಸುಲಭವಾಗಿ ಎಚ್ಚರಾಗುತ್ತಾರೆ ನೋಡಬೇಕು. ಬಿಪಿ ಅಳೆಯಲು ತೋಳಿಗೆ ಸುತ್ತುವ ಪಟ್ಟಿ, ಅಂದರೆ ಕಫ್, ತೋಳಿನ ಗಾತ್ರಕ್ಕಿಂತ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ತೋಳು ಹೃದಯದ ಮಟ್ಟಕ್ಕಿಂತ ಕೆಳಗೆ ಜೋತುಬಿದ್ದಿದ್ದರೂ ಹಾಗೆಯೇ. ವಾರ್ಡಿನಲ್ಲಿ ಒಂದೇ ಅಳತೆಯ ಕಫ್ ಇಟ್ಟುಕೊಂಡು ಸಣಕಲು ತೋಳಿಗೂ ದಪ್ಪ ತೋಳಿಗೂ ಅದನ್ನೇ ಸುತ್ತುವುದನ್ನು ನೋಡಿದ ವಿದ್ಯಾರ್ಥಿ, ಕಫ್ಪಿಗೆ ಅಳತೆಯಿದೆ ಎಂಬುದನ್ನೇ ಮರೆಯುತ್ತಾನೆ. ಆ ವಿಷಯದಲ್ಲಿ ತಪ್ಪು ಕಾಲೇಜಿನದಲ್ಲ, ಆಸ್ಪತ್ರೆಯದು. ಸೂಪರಿಂಟೆಂಡೆಂಟರು ಇದನ್ನು ಗಮನಿಸಬೇಕು.

ಚರ್ಮದ ಬಣ್ಣದ ವಿಚಾರವನ್ನೂ ಹೇಳಲೇಬೇಕು. ತುಟಿ ನೀಲಿಯಾಗುವುದು, ಚರ್ಮ ಕೆಂಪಾಗುವುದು, ಮುಖ ಬಿಳಿಚಿಕೊಳ್ಳುವುದು ಮುಂತಾದ ಪಠ್ಯದ ವರ್ಣನೆಗಳು ಹೆಚ್ಚಾಗಿ ಬಿಳಿ ಚರ್ಮವನ್ನು ನೋಡಿ ಬರೆದವು. ಕಪ್ಪು, ಕಂದು ಚರ್ಮದವರಲ್ಲಿ ನಾಲಿಗೆ, ಬಾಯೊಳಗಿನ ಪದರ, ಕೆಳರೆಪ್ಪೆಯ ಒಳಭಾಗ ನೋಡಬೇಕು. ಬಹಳ ಹೊತ್ತು ಒಂದೇ ಮಗ್ಗುಲಲ್ಲಿ ಮಲಗುವುದರಿಂದ ಆಗುವ ಒತ್ತಡದ ಹುಣ್ಣು ಶುರುವಾಗುತ್ತಿರುವ ಜಾಗ ಅವರಲ್ಲಿ ಕೆಂಪಾಗಿ ಕಾಣದಿರಬಹುದು. ಮುಟ್ಟಿದರೆ ಸುತ್ತಲಿಗಿಂತ ಬಿಸಿ ಅಥವಾ ತಣ್ಣಗೆ, ಗಟ್ಟಿ ಅಥವಾ ಮೆತ್ತಗೆ ಇರುವುದೇ ಗುರುತು. ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಕೂಡ ಈ ವಿಷಯದಲ್ಲಿ ಎಡವುತ್ತದೆ. ಅದು ಚೆನ್ನಾಗಿದೆ ಎಂದು ತೋರಿಸುತ್ತಿದ್ದಾಗಲೇ ರಕ್ತದಲ್ಲಿ ಆಮ್ಲಜನಕ ಕಡಿಮೆಯಿದ್ದ ಪ್ರಸಂಗಗಳು ಬಿಳಿಯರಿಗಿಂತ ಕಪ್ಪು ಜನರಲ್ಲಿ ಸುಮಾರು ಮೂರು ಪಟ್ಟು ಹೆಚ್ಚು ಎಂದು 2020ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ ಓದುವಿಕೆ ಕೆಡುವುದು ಇನ್ನೊಂದು. ಇದನ್ನೆಲ್ಲ ತಿಳಿದ ವಿದ್ಯಾರ್ಥಿ ಯಂತ್ರದ ಅಂಕಿ ಬರೆದುಕೊಳ್ಳುವ ಮೊದಲು ರೋಗಿಯ ಮುಖ ನೋಡುತ್ತಾಳೆ.

ವಿದ್ಯಾರ್ಥಿಗಳಿಗೆ ಏನೂ ಕಾಣುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಷ್ಟೋ ಸಲ ಅವರಿಗೇ ಮೊದಲು ಕಾಣುತ್ತದೆ. ನಾವು ಔಷಧಿ, ಇಂಜೆಕ್ಷನ್, ಡಿಸ್ಚಾರ್ಜ್ ಕಾಗದ ಎಂದು ಓಡಾಡುವಾಗ ರೋಗಿಯ ಪಕ್ಕ ಹೆಚ್ಚು ಹೊತ್ತು ಇರುವವರು ಅವರು. ಮೂಳೆ ಮುರಿದು ಮಲಗಿದ್ದ ಒಬ್ಬ ವೃದ್ಧೆಯನ್ನು ನೋಡಿಕೊಳ್ಳುತ್ತಿದ್ದ ಮೊದಲ ವರ್ಷದ ಹುಡುಗಿ ಒಂದು ಬೆಳಿಗ್ಗೆ ಬಂದು, ‘ಯಾಕೋ ಅಜ್ಜಿ ನಿನ್ನೆ ಇದ್ದ ಹಾಗಿಲ್ಲ’ ಅಂದಳು. ಡ್ಯೂಟಿಯಲ್ಲಿದ್ದವರು ‘ವಯಸ್ಸಾದವರು, ಹಾಗೇ’ ಎಂದು ಕಳಿಸಿದರು. ಅಜ್ಜಿ ಹೊದಿಕೆಯನ್ನು ಕೆದಕುತ್ತಿದ್ದರಂತೆ, ಹಿಂದಿನ ದಿನ ಚೆನ್ನಾಗಿ ಗುರುತಿಸಿದ್ದ ಹುಡುಗಿಯನ್ನೇ ಮಗಳ ಹೆಸರಿನಿಂದ ಕರೆದರಂತೆ. ಮೂತ್ರದ ಚೀಲದಲ್ಲಿ ರಾತ್ರಿಯಿಂದ ಹೆಚ್ಚೇನೂ ಸೇರಿರಲಿಲ್ಲ. ಇಷ್ಟೆಲ್ಲ ಅವಳು ನಮಗೆ ಹೇಳಿದ್ದು ಅಜ್ಜಿಯನ್ನು ಐಸಿಯುಗೆ ಸಾಗಿಸಿದ ಮೇಲೆ, ಕೇಳಿದ್ದಕ್ಕೆ. ಅಷ್ಟರಲ್ಲಿ ಬಿಪಿ ಕುಸಿದಿತ್ತು, ಜ್ವರ ಏರಿತ್ತು.

ವಯಸ್ಸಾದವರಲ್ಲಿ ಸೋಂಕು ಜ್ವರಕ್ಕಿಂತ ಮೊದಲು ಗೊಂದಲವಾಗಿ ಕಾಣಿಸಿಕೊಳ್ಳಬಹುದು. ನ್ಯೂಸ್ ಅಂಕಪಟ್ಟಿಯ 2017ರ ಪರಿಷ್ಕರಣೆಯಲ್ಲಿ ‘ಹೊಸದಾಗಿ ಕಂಡ ಗೊಂದಲ’ ಎಂಬುದನ್ನು ಸೇರಿಸಿ, ಅದೊಂದಕ್ಕೇ 3 ಅಂಕ ಕೊಟ್ಟಿದ್ದಾರೆ. ಅಂದರೆ ಮೊದಲ ವರ್ಷದ ಆ ಹುಡುಗಿ ಕಂಡದ್ದು ವಾರ್ಡಿನಲ್ಲಿ ಅಂದು ಯಾರೂ ಕಾಣದ ದೊಡ್ಡ ಸೂಚನೆ. ಅವಳಿಗಿಲ್ಲದಿದ್ದುದು ಅದನ್ನು ಹೇಳುವ ಮಾತು, ಮತ್ತು ಹೇಳಿದ್ದನ್ನು ಕೇಳಿಸಿಕೊಳ್ಳುವ ಜನ. ‘ನಿನ್ನೆ ದಿನ, ಜಾಗ, ಹೆಸರು ಸರಿಯಾಗಿ ಹೇಳುತ್ತಿದ್ದರು, ಇವತ್ತು ಹೇಳುತ್ತಿಲ್ಲ. ತೂಕ ಸುಮಾರು 60 ಕೆಜಿ, ಗಂಟೆಗೆ ಕಡಿಮೆಯೆಂದರೂ 30 ಎಂಎಲ್ ಮೂತ್ರ ಬರಬೇಕಿತ್ತು, ಆರು ಗಂಟೆಯಲ್ಲಿ 40 ಬಂದಿದೆ. ಸೋಂಕು ಇರಬಹುದೇನೋ ಅಂತ ಅನುಮಾನ, ದಯವಿಟ್ಟು ಈಗಲೇ ಬಂದು ನೋಡಿ’ ಎಂದು ಅವಳು ಹೇಳಿದ್ದರೆ ಯಾವ ಡ್ಯೂಟಿ ಡಾಕ್ಟರೂ ತಳ್ಳಿಹಾಕಲಾಗುತ್ತಿರಲಿಲ್ಲ. ಈಗ ಏನಾಗಿದೆ, ಹಿನ್ನೆಲೆ ಏನು, ನಾನು ಕಂಡದ್ದೇನು, ಏನು ಬೇಕು ಎಂದು ನಾಲ್ಕು ಭಾಗ ಮಾಡಿ ಹೇಳುವ ಕ್ರಮವೊಂದಿದೆ, ‘ಎಸ್‌ಬಿಎಆರ್’ ಅನ್ನುತ್ತೇವೆ. ಅಮೆರಿಕದ ನೌಕಾಪಡೆಯಿಂದ ಆಸ್ಪತ್ರೆಗಳಿಗೆ ಬಂದ ಪದ್ಧತಿ. ವಿಸ್ತರಿಸಿ ಬರೆಯಲು ಹೇಳಿದರೆ ನಿಮ್ಮ ವಿದ್ಯಾರ್ಥಿಗಳು ತಪ್ಪಿಲ್ಲದೆ ಬರೆಯುತ್ತಾರೆ. ಫೋನು ಕೈಗೆ ಕೊಟ್ಟು ‘ಡಾಕ್ಟರಿಗೆ ಹೇಳು’ ಅಂದರೆ ತೊದಲುತ್ತಾರೆ, ಯಾಕೆಂದರೆ ಯಾರೂ ಅವರ ಕೈಗೆ ಫೋನು ಕೊಟ್ಟಿಲ್ಲ.

ಈಗ ಇದು ಎಲ್ಲಿಂದ ಬಂತು ಎಂಬ ಪ್ರಶ್ನೆ. ಮಕ್ಕಳು ಸೋಮಾರಿಗಳಾಗಿದ್ದಾರೆ, ಮೊಬೈಲಿನಲ್ಲಿ ಮುಳುಗಿದ್ದಾರೆ ಎಂಬ ಮಾತು ಸ್ಟಾಫ್ ರೂಮಿನಲ್ಲೂ ನರ್ಸಿಂಗ್ ಸ್ಟೇಷನ್ನಿನಲ್ಲೂ ಕೇಳುತ್ತದೆ. ನನಗೆ ಹಾಗನ್ನಿಸುವುದಿಲ್ಲ. ಒಬ್ಬ ವಿದ್ಯಾರ್ಥಿಗೆ ‘ಇಡೀ ವಾರ್ಡಿನ ಟಿಪಿಆರ್ ಮಾಡಿಕೊಂಡು ಬಾ’ ಎಂದು ಕಳಿಸುತ್ತೇವೆ. ಮೂವತ್ತು ಜನರ ಉಸಿರಾಟವನ್ನು ಪೂರ್ತಿ ನಿಮಿಷ ಎಣಿಸಲು ಅರ್ಧ ಗಂಟೆ ಅದೊಂದಕ್ಕೇ ಬೇಕು. ನಾಡಿ, ಬಿಪಿ, ಜ್ವರ, ಓಡಾಟ ಸೇರಿದರೆ ಎರಡು ಗಂಟೆಯಾದರೂ ಮುಗಿಯದು. ನಾವು ಕೊಡುವ ಸಮಯ ಅದರ ಅರ್ಧವೂ ಅಲ್ಲ. ಆಗದ ಕೆಲಸ ಒಪ್ಪಿಸಿದರೆ ಕಾಗದದ ಮೇಲೆ ಮುಗಿಸಿ ತರುತ್ತಾರೆ. ಮೊದಲ ಸಲ ತಂದಾಗ ಯಾರೂ ಕೇಳುವುದಿಲ್ಲ. ಎರಡನೇ ಸಲಕ್ಕೆ ಅದು ಪದ್ಧತಿ. ಇನ್ನೊಂದು ಕಡೆ ಲಾಗ್ ಬುಕ್ ತುಂಬಬೇಕು, ಕೇಸ್ ಸ್ಟಡಿ ಒಪ್ಪಿಸಬೇಕು. ಆ ಕೇಸ್ ಸ್ಟಡಿಯಲ್ಲಿ ರೋಗಿಯ ತಲೆಯಿಂದ ಪಾದದವರೆಗಿನ ಪರೀಕ್ಷೆಯ ವಿವರ ಹಿಂದಿನ ಬ್ಯಾಚಿನ ಪುಸ್ತಕದಿಂದ ಹಾಗೇ ಇಳಿದಿರುತ್ತದೆ. ಕಾಲು ಕತ್ತರಿಸಿದ ರೋಗಿಯ ಕೇಸ್ ಶೀಟಿನಲ್ಲಿ ‘ಎರಡೂ ಪಾದಗಳಲ್ಲಿ ನಾಡಿ ಸಿಗುತ್ತದೆ’ ಎಂದು ಬರೆದು, ಅದಕ್ಕೆ ಬೋಧಕರ ಸಹಿಯೂ ಬಿದ್ದದ್ದನ್ನು ಕಣ್ಣಾರೆ ನೋಡಿದ್ದೇನೆ. ಬರೆದವರಿಗಿಂತ ಸಹಿ ಹಾಕಿದವರ ಬಗ್ಗೆ ನನಗೆ ಹೆಚ್ಚು ಬೇಸರವಾಯಿತು.

ಅಂತಿಮ ಪರೀಕ್ಷೆ ಇದನ್ನು ಸರಿಪಡಿಸಬೇಕಿತ್ತು. ಸ್ಕಾಟ್ಲೆಂಡಿನ ಡಂಡೀಯಲ್ಲಿ ರೊನಾಲ್ಡ್ ಹಾರ್ಡನ್ 1975ರಲ್ಲಿ ಪರಿಚಯಿಸಿದ, ಒಂದೊಂದು ಸ್ಟೇಷನ್ನಿನಲ್ಲಿ ಒಂದೊಂದು ಕೆಲಸ ಮಾಡಿಸಿ ಅಂಕ ಕೊಡುವ ಓಸ್ಕಿ ಪರೀಕ್ಷಾ ಪದ್ಧತಿ ಈಗ ಎಲ್ಲೆಡೆ ಬಂದಿದೆ, ಅದು ಒಳ್ಳೆಯದೇ. ಪರೀಕ್ಷಕರ ಇಷ್ಟಾನಿಷ್ಟಕ್ಕೆ ಕಡಿವಾಣ ಬಿತ್ತು. ಆದರೆ ಕೆಲವೇ ನಿಮಿಷದ ಸ್ಟೇಷನ್ನಿನಲ್ಲಿ ‘ಕೈ ತೊಳೆದಳೇ, ಪರಿಚಯ ಹೇಳಿಕೊಂಡಳೇ, ಪರದೆ ಎಳೆದಳೇ’ ಎಂದು ಟಿಕ್ ಹಾಕುವಾಗ, ಕೊನೆಯಲ್ಲಿ ಕೇಳಲೇಬೇಕಾದ ಪ್ರಶ್ನೆ ತಪ್ಪಿಹೋಗುತ್ತಿದೆ: ‘ಈ ರೋಗಿಯ ಬಗ್ಗೆ ನಿನಗೇನನ್ನಿಸಿತು? ಮುಂದಿನ ಒಂದು ಗಂಟೆಯಲ್ಲಿ ಏನನ್ನು ಕಾಯುತ್ತೀಯ?’ ಹೊಟ್ಟೆಯನ್ನು ಮುಟ್ಟುವ ಮೊದಲು ಸ್ಟೆತಸ್ಕೋಪಿನಿಂದ ಕೇಳಬೇಕು ಎಂಬ ಕ್ರಮ ಎಲ್ಲರಿಗೂ ಬಾಯಿಪಾಠ. ಒತ್ತಿದರೆ ಕರುಳಿನ ಸದ್ದು ಬದಲಾಗಬಹುದು ಎಂಬ ಕಾರಣ ಕೇಳಿದರೆ ಸುಮ್ಮನಾಗುತ್ತಾರೆ. 1974ರಲ್ಲಿ ಬಂದು ಈಗ ಜಗತ್ತೆಲ್ಲ ಬಳಸುತ್ತಿರುವ, ರೋಗಿಯ ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಸ್ಕೇಲ್‌ನ ಹದಿನೈದು ಅಂಕಗಳನ್ನು ಹೇಳುತ್ತಾರೆ. ಕಣ್ಣು, ಮಾತು, ಚಲನೆ ಮೂರನ್ನೂ ಬೇರೆಬೇರೆ ಬರೆಯದೆ ಬರೀ ಒಟ್ಟು 11 ಎಂದು ಬರೆದರೆ ಯಾವುದು ಇಳಿದಿದೆ ಎಂದು ರಾತ್ರಿ ಪಾಳಿಯವರಿಗೆ ತಿಳಿಯುವುದಿಲ್ಲ ಎಂಬುದು ಹೊಳೆದಿರುವುದಿಲ್ಲ.

ಸ್ಕಿಲ್ ಲ್ಯಾಬಿನ ಬಗ್ಗೆಯೂ ಒಂದು ಮಾತು. ಬೊಂಬೆಗಳ ಮೇಲೆ ಕಲಿಸುವುದಕ್ಕೆ ನನ್ನ ವಿರೋಧವಿಲ್ಲ. ವಾರ್ಡಿನ ತರಬೇತಿಯಲ್ಲಿ ಅರ್ಧದವರೆಗೂ ಒಳ್ಳೆಯ ಸಿಮ್ಯುಲೇಷನ್ (ಕೃತಕ ಸನ್ನಿವೇಶದ ಅಭ್ಯಾಸ) ಬಳಸಿದರೂ ಕಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ ಎಂದು 2014ರಲ್ಲಿ ಅಮೆರಿಕದ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ ಪ್ರಕಟಿಸಿದ ದೊಡ್ಡ ಅಧ್ಯಯನವೇ ಹೇಳಿದೆ. ಅಲ್ಲಿ ಬೋಧಕರಿಗೆ ಅದಕ್ಕೆಂದೇ ತರಬೇತಿ ಕೊಟ್ಟಿದ್ದರು, ಪ್ರತಿ ಅಭ್ಯಾಸದ ನಂತರ ಕೂತು ಚರ್ಚಿಸುತ್ತಿದ್ದರು. ಆ ಚರ್ಚೆ ಬಿಟ್ಟು ಬೊಂಬೆಯನ್ನಷ್ಟೇ ತಂದರೆ, ಮಾತಾಡದ, ನರಳದ, ನಾಚದ ದೇಹದ ಮೇಲೆ ಹಂತಗಳನ್ನು ಒಪ್ಪಿಸುವುದನ್ನು ಕಲಿತಂತಾಗುತ್ತದೆ.

ನನ್ನ ವಿನಂತಿಗಳು ದುಬಾರಿಯವಲ್ಲ.

ಎಲ್ಲಕ್ಕಿಂತ ಮೊದಲನೆಯದು: ‘ತೆಗೆದಿಲ್ಲ’ ಎಂದು ಬರೆಯುವ ಹಕ್ಕನ್ನು ವಿದ್ಯಾರ್ಥಿಗೆ ಕೊಡಿ. ಸಮಯ ಸಾಲಲಿಲ್ಲ, ರೋಗಿ ಎಕ್ಸ್‌ರೇಗೆ ಹೋಗಿದ್ದರು, ನಾಡಿ ಸಿಗಲಿಲ್ಲ, ಯಾವುದಾದರೂ ಆಗಲಿ, ಕಾರಣದೊಂದಿಗೆ ಖಾಲಿ ಬಿಟ್ಟ ಕಾಲಂಗೆ ಬೈಗುಳ ಇರಬಾರದು, ಮಾರ್ಕ್ಸ್ ಕಡಿತವೂ ಇರಬಾರದು. ಖಾಲಿ ಜಾಗ ಕಂಡರೆ ನಾವು ಯಾರಾದರೂ ಹೋಗಿ ನೋಡುತ್ತೇವೆ. ಸುಳ್ಳು ಅಂಕಿ ಕಂಡರೆ ಯಾರೂ ಹೋಗುವುದಿಲ್ಲ. ಇದನ್ನು ಕಾಲೇಜೂ ಆಸ್ಪತ್ರೆಯೂ ಒಟ್ಟಿಗೆ ಲಿಖಿತವಾಗಿ ಹೇಳದಿದ್ದರೆ ಮಕ್ಕಳು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ. ಇದರ ಜೊತೆಗೆ, ಬೋಧಕರು ಅಥವಾ ವಾರ್ಡಿನ ಹಿರಿಯರು ದಿನಕ್ಕೆ ಒಂದೆರಡು ಹಾಸಿಗೆಯಲ್ಲಿ ವಿದ್ಯಾರ್ಥಿ ಬರೆದ ಅಂಕಿಯನ್ನು ತಾವೂ ತೆಗೆದು ಹೋಲಿಸಲಿ. ಶಿಕ್ಷೆಗಾಗಿ ಅಲ್ಲ. ಅಂಕಿಯನ್ನು ಯಾರೋ ಓದುತ್ತಾರೆ ಎಂದು ಗೊತ್ತಾದರೆ ಎಣಿಸುವ ಕೈ ಬೇರೆಯೇ ಆಗುತ್ತದೆ.

ಎರಡನೆಯದಾಗಿ, ಮೊದಲೆರಡು ವರ್ಷದವರಿಗೆ ರೋಗಿಗಳ ಸಂಖ್ಯೆ ಇಳಿಸಿ. ಇಬ್ಬರು, ಹೆಚ್ಚೆಂದರೆ ಮೂವರು. ಒಬ್ಬರನ್ನು ಪೂರ್ತಿ ನೋಡಲಿ: ಪರದೆ ಎಳೆದು, ಅನುಮತಿ ಕೇಳಿ, ಕೈ ಬೆಚ್ಚಗೆ ಮಾಡಿಕೊಂಡು, ತಲೆಯಿಂದ ಪಾದದವರೆಗೆ. ನಾಡಿ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು, ರೋಗಿಗೆ ಗೊತ್ತಾಗದಂತೆ ಒಂದು ನಿಮಿಷ ಎದೆ ಏರಿಳಿಯುವುದನ್ನು ಎಣಿಸಲಿ. ಆಮೇಲೆ ಕೇಸ್ ಶೀಟ್ ತೆರೆಯಲಿ. ರೋಗದ ಹೆಸರನ್ನು ಮೊದಲೇ ಓದಿಕೊಂಡು ಹೋದವರಿಗೆ ಆ ಹೆಸರಿಗೆ ಹೊಂದುವುದಷ್ಟೇ ಕಾಣುತ್ತದೆ. ಇಡೀ ವಾರ್ಡಿನ ಟಿಪಿಆರ್ ಮಾಡುವ ಕೈಗಳು ಸಾಲುತ್ತಿಲ್ಲ ಎಂದಾದರೆ ಅದು ಸಿಬ್ಬಂದಿಯ ಕೊರತೆ. ಅದನ್ನು ಆಡಳಿತದ ಮುಂದೆ ಕೊರತೆಯೆಂದೇ ಇಡಬೇಕು, ವಿದ್ಯಾರ್ಥಿಗಳಿಂದ ಮುಚ್ಚಬಾರದು. ಯುರೋಪಿನ ಒಂಬತ್ತು ದೇಶಗಳ 300 ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದವರ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನ ಎರಡು ಮಾತು ಹೇಳಿತು. ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ 30 ದಿನದೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚು. ಪದವಿ ಓದಿದ ನರ್ಸುಗಳ ಪಾಲು ಶೇ 10ರಷ್ಟು ಹೆಚ್ಚಿದ್ದಲ್ಲಿ ಆ ಸಂಭವ ಶೇ 7ರಷ್ಟು ಕಡಿಮೆ. ಎರಡನೇ ಮಾತು ನಿಮ್ಮ ಕೆಲಸದ ಬಗ್ಗೆ, ಮಾನ್ಯ ಬೋಧಕರೇ. ನೀವು ಕಲಿಸುವುದು ನಮ್ಮ ವಾರ್ಡಿನಲ್ಲಿ ಯಾರು ಮನೆಗೆ ಹೋಗುತ್ತಾರೆ ಎಂಬಲ್ಲಿಯವರೆಗೂ ತಲುಪುತ್ತದೆ.

ಮೂರನೆಯದು, ಬೋಧಕರು ವಾರ್ಡಿಗೆ ಬನ್ನಿ. ಹಾಜರಿ ಹಾಕಲು ಬರುವುದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ. ಹಾಸಿಗೆ ಪಕ್ಕ ನಿಂತು, ನೀವೇ ಒಬ್ಬ ರೋಗಿಯನ್ನು ಪರೀಕ್ಷಿಸುತ್ತ, ಏನು ನೋಡುತ್ತಿದ್ದೀರಿ, ಯಾಕೆ ಹಾಗೆ ಯೋಚಿಸುತ್ತಿದ್ದೀರಿ ಎಂದು ಬಾಯಿಬಿಟ್ಟು ಹೇಳಿ. ಓದಿದ್ದು ರೋಗಿಯ ಮೈಮೇಲೆ ಹೇಗೆ ಕಾಣುತ್ತದೆ ಎಂಬುದನ್ನು ಮಕ್ಕಳು ಕಲಿಯುವುದು ಹಾಗೆ ಮಾಡುವವರನ್ನು ನೋಡಿಯೇ. ಬೋಧಕರಿಗೆ ಕ್ಲಾಸು, ಪರೀಕ್ಷೆ, ತಪಾಸಣೆಯ ಕಡತಗಳ ಹೊರೆ ಎಷ್ಟಿದೆ ಎಂದು ನನಗೆ ಗೊತ್ತು. ಹಾಗಾಗಿಯೇ ಈ ಮಾತನ್ನು ಪ್ರಾಂಶುಪಾಲರ ಮುಂದೆ ಇಡುತ್ತಿದ್ದೇನೆ: ವಾರ್ಡಿನಲ್ಲಿ ಕಳೆಯುವ ಗಂಟೆಗಳನ್ನು ಬೋಧನೆಯ ಗಂಟೆಗಳೆಂದೇ ಲೆಕ್ಕ ಹಾಕಿ ವೇಳಾಪಟ್ಟಿಯಲ್ಲಿ ಜಾಗ ಕೊಡಿ.

ಹ್ಯಾಂಡೋವರಿನ ಬಗ್ಗೆ ಸೂಪರಿಂಟೆಂಡೆಂಟರಿಗೆ ಪ್ರತ್ಯೇಕವಾಗಿ ಕೇಳಿಕೊಳ್ಳುತ್ತೇನೆ. ಪಾಳಿ ಬದಲಾಗುವಾಗ ವಿದ್ಯಾರ್ಥಿ ನೋಡಿಕೊಂಡ ರೋಗಿಯ ವರದಿಯನ್ನು ವಿದ್ಯಾರ್ಥಿಯ ಬಾಯಿಂದಲೇ ಮೊದಲು ಕೇಳುವ ನಿಯಮ ಮಾಡಿ. ತಪ್ಪಿದರೆ ಅಲ್ಲೇ ತಿದ್ದುತ್ತೇವೆ. ‘ಯಾಕೋ ಸರಿಯಿಲ್ಲ ಅನ್ನಿಸುತ್ತಿದೆ’ ಎಂದು ಯಾವ ವರ್ಷದ ವಿದ್ಯಾರ್ಥಿ ಬಂದು ಹೇಳಿದರೂ, ಹೇಳಿಸಿಕೊಂಡವರು ಎದ್ದು ಹೋಗಿ ರೋಗಿಯನ್ನು ನೋಡಲೇಬೇಕು. ಹತ್ತರಲ್ಲಿ ಒಂಬತ್ತು ಸಲ ಏನೂ ಇಲ್ಲದಿರಬಹುದು. ಆ ಒಂಬತ್ತು ಸಲವೂ ಅವಳ ಮುಂದೆ ಮುಖ ಗಂಟಿಕ್ಕಬಾರದು.

ಕೊನೆಯದಾಗಿ ಪರೀಕ್ಷೆ. ವರ್ಷಕ್ಕೊಮ್ಮೆಯಾದರೂ ನಿಜವಾದ ರೋಗಿಯ ಬಳಿ, ರೋಗಿಯ ಒಪ್ಪಿಗೆ ಪಡೆದು, ರೋಗದ ಹೆಸರು ಹೇಳದೆ ಅರ್ಧ ಗಂಟೆ ಬಿಡಿ. ಆಮೇಲೆ ಮೂರೇ ಪ್ರಶ್ನೆ ಕೇಳಿ: ಏನು ಕಂಡೆ, ಅದರಿಂದ ಏನು ಅಂದುಕೊಂಡೆ, ಯಾರಿಗೆ ಎಷ್ಟು ಬೇಗ ಹೇಳುತ್ತೀಯ. ಮಾರ್ಕ್ಸ್ ಅದಕ್ಕೆ ಕೊಡಿ. ಮಾರ್ಕ್ಸ್ ಇರುವ ಕಡೆ ಓದುತ್ತಾರೆ, ಆ ವಿಷಯದಲ್ಲಿ ಮಕ್ಕಳನ್ನು ದೂರುವುದು ತರವಲ್ಲ.

ಇದರಲ್ಲಿ ವಾರ್ಡಿನ ನರ್ಸುಗಳ ಪಾಲೂ ಇದೆ, ನಾವು ಹಿಂದೆ ಸರಿಯುವುದಿಲ್ಲ. ಮುಂದಿನ ಪೋಸ್ಟಿಂಗ್ ಶುರುವಾಗುವ ಮೊದಲು ಕಾಲೇಜಿನವರು, ಸೂಪರಿಂಟೆಂಡೆಂಟರು, ವಾರ್ಡ್ ಇನ್‌ಚಾರ್ಜುಗಳು ಒಂದೇ ಮೇಜಿನ ಸುತ್ತ ಕೂರುವ ಸಭೆಯೊಂದನ್ನು ಕರೆಯಿರಿ. ವಿದ್ಯಾರ್ಥಿಗಳ ಪ್ರತಿನಿಧಿಗಳೂ ಅಲ್ಲಿರಲಿ. ಕಳೆದ ತಿಂಗಳ ಟಿಪಿಆರ್ ಚಾರ್ಟುಗಳನ್ನು ರೋಗಿಗಳ ಹೆಸರು ಮುಚ್ಚಿ ಮೇಜಿನ ಮೇಲಿಡೋಣ. ಚರ್ಚೆ ಅಲ್ಲಿಂದ ಶುರುವಾಗಲಿ. ಸಭೆಯ ದಿನಾಂಕವನ್ನು ಕಾಲೇಜಿನ ಮತ್ತು ವಾರ್ಡಿನ ಸೂಚನಾ ಫಲಕದಲ್ಲಿ ಹಾಕಿದರೆ, ರಜೆ ಇದ್ದರೂ ನಾವು ಬರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ನಿಮ್ಮ ವಿದ್ಯಾರ್ಥಿಗಳ ಜೊತೆ ವಾರ್ಡಿನಲ್ಲಿ ಕೆಲಸ ಮಾಡುವ ಒಬ್ಬ ಹಿರಿಯ ನರ್ಸ್